ಅಂಗಳದಲ್ಲಿ ನಿಂತ ಕಾರು: ಗುಜರಿಗೋ, ರಸ್ತೆಗೋ?

ಮಂಗಳೂರಿನ ಒಳರಸ್ತೆಗಳಲ್ಲಿ ನಡೆದು ಹೋಗುವಾಗ ಸ್ವಲ್ಪ ಗಮನವಿಟ್ಟು ನೋಡಿ. ಕುದ್ರೋಳಿಯಲ್ಲಾಗಲಿ, ಕಂಕನಾಡಿಯಲ್ಲಾಗಲಿ, ಯಾವುದಾದರೊಂದು ಮನೆಯ ಗೇಟಿನೊಳಗೆ ಟರ್ಪಾಲು ಹೊದ್ದುಕೊಂಡ ಪುಟ್ಟ ಕಾರೊಂದು ನಿಂತಿರುತ್ತದೆ. ಟಯರಿನ ಗಾಳಿ ಇಳಿದಿರುತ್ತದೆ. ಬಾನೆಟ್ ಮೇಲೆ ಬೆಕ್ಕು ಮಲಗಿರುತ್ತದೆ. ಹೆಚ್ಚಿನ ಸಲ ಅದು ಮಾರುತಿ 800. ಮನೆಯ ಯಜಮಾನ ಕೊಲ್ಲಿ ರಾಷ್ಟ್ರದಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಬಂದು ಕೊಂಡ ಮೊದಲ ಕಾರು. ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಓಡಿದ್ದು ಅದರಲ್ಲಿ, ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗಿ ಅತ್ತು ಬೀಳ್ಕೊಟ್ಟದ್ದು ಅದರಲ್ಲಿ. ಈಗ ಮಗ “ಗುಜರಿಗೆ ಕೊಟ್ಟುಬಿಡೋಣ” ಎನ್ನುತ್ತಾನೆ. ಉಮ್ಮ “ಇರಲಿ ಬಿಡು” ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಮತ್ತೊಂದು ಮಳೆಗಾಲ ಬಂದು ಹೋಗುತ್ತದೆ.

ಇಂತಹ ಕಾರನ್ನು ಉಳಿಸಿಕೊಳ್ಳಬಹುದೇ? ಬಹುದಾದರೆ ಎಲ್ಲಿಂದ ಆರಂಭಿಸಬೇಕು? ಇದಕ್ಕೆ ಉತ್ತರ ಕಂಡುಕೊಳ್ಳಲು ಗ್ಯಾರೇಜಿಗೆ ಹೋಗಬೇಕೆಂದೇನಿಲ್ಲ. ಒಂದು ರಜಾದಿನದ ಬೆಳಗ್ಗೆ, ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ಮತ್ತು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟ ಅಯಸ್ಕಾಂತ ಇದ್ದರೆ ಸಾಕು.

ಮಾರುತಿ 800 ಹುಟ್ಟಿನಿಂದ ಜಪಾನಿನ ಕಾರು. ಸರಕಾರದ ಮಾರುತಿ ಉದ್ಯೋಗ್ ಸಂಸ್ಥೆಯು ಸುಝುಕಿಯೊಂದಿಗೆ 1982ರಲ್ಲಿ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಯನ್ನು ದಿಲ್ಲಿಯ ಹರ್‌ಪಾಲ್ ಸಿಂಗ್ ಎಂಬವರಿಗೆ ಕೊಟ್ಟರು. ಲಕ್ಕಿ ಡ್ರಾದಲ್ಲಿ ಅವರ ಹೆಸರು ಬಂದಿತ್ತು. ಆಗ ಅದರ ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಮುಂದಿನ ಚಕ್ರಗಳಿಗೆ ಶಕ್ತಿ, ಒಟ್ಟು ತೂಕ ಸುಮಾರು 650 ಕಿಲೋ. ಅಂಬಾಸಿಡರಿನ ಗಡುಸು ಸ್ಟೀರಿಂಗ್ ತಿರುಗಿಸಲು ತೋಳ್ಬಲ ಬೇಕಿತ್ತು. ಈ ಕಾರಿಗೆ ಅದು ಬೇಕಾಗಿರಲಿಲ್ಲ. ನಮ್ಮೂರಿನಲ್ಲಿ ಒಂದು ತಲೆಮಾರಿನ ಮಹಿಳೆಯರು ಡ್ರೈವಿಂಗ್ ಕಲಿತದ್ದು ಇದರಲ್ಲೇ ಎಂಬುದನ್ನು ಮರೆಯಬಾರದು. 2014ರ ಜನವರಿಯಲ್ಲಿ ತಯಾರಿ ನಿಲ್ಲುವಷ್ಟರಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು.

ಹರ್‌ಪಾಲ್ ಸಿಂಗ್ ಆ ಕಾರನ್ನು ಮಾರಲಿಲ್ಲ. 2010ರಲ್ಲಿ ಅವರು ತೀರಿಹೋದ ಮೇಲೆ ಅದು ದಿಲ್ಲಿಯ ಅವರ ಮನೆಯ ಹೊರಗೆ ತುಕ್ಕು ಹಿಡಿಯುತ್ತಾ ನಿಂತಿತು. ದೇಶದ ಮೊದಲ ಮಾರುತಿಗೇ ಈ ಗತಿ! ಕೊನೆಗೆ ಕಂಪೆನಿಯೇ ಅದನ್ನು ಸರಿಪಡಿಸಿ, 2022ರಲ್ಲಿ ತನ್ನ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು.

ಹಳೆಯ ಜಪಾನೀ ಕಾರುಗಳನ್ನು ಬಿಚ್ಚಿ, ತೊಳೆದು, ಜೋಡಿಸಿ ಮತ್ತೆ ಓಡಿಸುವುದು ಇಂದು ಅನೇಕ ದೇಶಗಳಲ್ಲಿ ದೊಡ್ಡ ಹವ್ಯಾಸ. ಅಲ್ಲಿ ಹೆಚ್ಚಿನ ಮೋಹವಿರುವುದು ಸ್ಪೋರ್ಟ್ಸ್ ಕಾರುಗಳ ಮೇಲೆ. 1969ರಲ್ಲಿ ಬಂದ ಡಾಟ್ಸನ್ 240ಝಡ್ ಅವುಗಳಲ್ಲಿ ಹೆಸರುವಾಸಿ. ಆರು ಸಿಲಿಂಡರಿನ, ಉದ್ದ ಮೂಗಿನ ಈ ಕಾರನ್ನು ಜಪಾನಿನಲ್ಲಿ ಫೇರ್‌ಲೇಡಿ ಎಂದು ಕರೆದರು. 1990ರ ದಶಕದ ಕೊನೆಯಲ್ಲಿ ನಿಸ್ಸಾನ್‌ನ ಅಮೆರಿಕದ ಶಾಖೆಯೇ ಹಳೆಯ 240ಝಡ್‌ಗಳನ್ನು ಕೊಂಡು, ಹೊಸದರಂತೆ ಮಾಡಿ ಮಾರಿತ್ತು. ಮಾಝ್ದಾ ಕಂಪೆನಿ ಕೂಡಾ 1989ರ ತನ್ನ ರೋಡ್‌ಸ್ಟರ್ ಕಾರನ್ನು ಹಳೆಯ ಮಾಲೀಕರಿಗೆ ಸರಿಪಡಿಸಿ ಕೊಡುವ ಯೋಜನೆಯನ್ನು 2017ರಲ್ಲಿ ಪ್ರಕಟಿಸಿತು. ಕಾರನ್ನು ಮೊದಲು ಪರೀಕ್ಷಿಸಿ, ಆ ಮೇಲೆಯೇ ಕೆಲಸ ಒಪ್ಪಿಕೊಳ್ಳುವುದು ಅವರ ಕ್ರಮ. ಏಕೆಂದರೆ ಎಂಜಿನನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಬಹುದು. ತಗಡು ತಿಂದುಹೋದರೆ ಕಟ್ಟಲು ಏನೂ ಉಳಿಯುವುದಿಲ್ಲ. 240ಝಡ್‌ನಂತಹ ಕಾರುಗಳಲ್ಲಿ ಬಹಳಷ್ಟನ್ನು ನುಂಗಿದ್ದು ತುಕ್ಕು.

ನಮ್ಮ ಮಾರುತಿಯ ಕತೆಯೂ ಇದೇ. ಜೀಪಿನಂತೆ ಇದಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಇತ್ತ ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಉಳಿದ ತಿಂಗಳುಗಳಲ್ಲಿ ಸಮುದ್ರದ ಉಪ್ಪುಗಾಳಿ. ಉಪ್ಪು ಬೆರೆತ ತೇವವು ಕಬ್ಬಿಣವನ್ನು ಬರೀ ನೀರಿಗಿಂತ ಬೇಗ ತಿನ್ನುತ್ತದೆ. ಆದ್ದರಿಂದ ಬಾನೆಟ್ ತೆರೆಯುವ ಮೊದಲು ಕೆಳಗೆ ನೋಡಿ. ಒಳಗಿನ ಮ್ಯಾಟನ್ನು ಎತ್ತಿ, ಕಾಲಿಡುವ ಜಾಗದ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ದಬ್ ಎನ್ನುತ್ತದೆ. ಹಲಸಿನ ಹಣ್ಣನ್ನು ತಟ್ಟಿ ನೋಡಿ ಕೊಳ್ಳುವ ನಮ್ಮ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಾಗಿಲುಗಳ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಬಾಗಿಲಿನ ತಳ, ಬ್ಯಾಟರಿ ಕೂರುವ ಜಾಗ, ಇವನ್ನೂ ಬಿಡಬೇಡಿ. ನಂತರ ಫ್ರಿಜ್ಜಿನ ಅಯಸ್ಕಾಂತವನ್ನು ಬಾಡಿಯ ಮೇಲೆ ಸರಿಸುತ್ತಾ ಹೋಗಿ. ಅಂಟಿದಲ್ಲೆಲ್ಲ ಕಬ್ಬಿಣವಿದೆ. ಜಾರಿ ಬಿದ್ದಲ್ಲಿ ಬಣ್ಣದ ಕೆಳಗಿರುವುದು ಪುಟ್ಟಿ. ತೂತಿಗೆ ಪುಟ್ಟಿ ತುಂಬಿ ಪೈಂಟ್ ಹೊಡೆದ ಕಾರು ಎರಡು ಮಳೆಗಾಲ ಹೊಳೆಯಬಹುದು. ಪುಟ್ಟಿಗೆ ಭಾರ ಹೊರುವ ಶಕ್ತಿ ಇಲ್ಲ.

ಬಾಗಿಲು, ಬಾನೆಟ್‌ಗಳ ತುಕ್ಕಿಗೆ ಹೆದರಬೇಕಾಗಿಲ್ಲ, ಅವನ್ನು ಬದಲಿಸಬಹುದು. ನೆಲದ ತಗಡು ಮತ್ತು ಚಕ್ರಗಳ ಕಂಬಿ ಕೂರುವ ಜಾಗ ಎರಡೂ ಪುಡಿಯಾಗಿದ್ದರೆ ಮಾತ್ರ ಮಗನ ಮಾತೇ ಸರಿ ಎಂದು ನನ್ನ ಅಭಿಪ್ರಾಯ. ಅಂತಹ ಕಾರಿಗೆ ಎಂಜಿನ್ ಕೆಲಸ ಮಾಡಿಸುವುದು ದುಡಿದ ದುಡ್ಡನ್ನು ಕಡಲಿಗೆ ಎಸೆದಂತೆ.

ಬಾಡಿ ಗಟ್ಟಿ ಇದೆ ಎಂದಾದರೆ ಮುಂದೆ ನೋಡೋಣ. ಕೀಲಿ ತಿರುಗಿಸಿದಾಗ ಬರೀ ‘ಟಕ್’ ಎಂದು ಸುಮ್ಮನಾದರೆ ಹೆಡ್‌ಲೈಟ್ ಹಾಕಿ ಮತ್ತೆ ತಿರುಗಿಸಿ. ಬೆಳಕು ಪೂರ್ತಿ ಕುಂದಿದರೆ ದೋಷ ಬ್ಯಾಟರಿಯಲ್ಲಿ ಅಥವಾ ಅದರ ತುದಿಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ತುದಿಗಳಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ, ಮೈನಸ್ ವಯರನ್ನು ಮೊದಲು ಕಳಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಉಜ್ಜಿ ತೊಳೆಯಿರಿ. ಬ್ಯಾಟರಿಯಿಂದ ಬಾಡಿಗೂ ಎಂಜಿನಿಗೂ ಹೋಗುವ ಅರ್ತ್ ವಯರಿನ ಬೋಲ್ಟ್ ಬಿಚ್ಚಿ ಉಪ್ಪುಕಾಗದದಿಂದ ತಿಕ್ಕಿ. ಹೊಸ ಸ್ಟಾರ್ಟರ್ ಮೋಟಾರು ಬೇಕೆಂದು ಯಾರಾದರೂ ಹೇಳುವ ಮುಂಚೆ ಈ ಅರ್ಧ ಗಂಟೆಯ ಕೆಲಸ ಮುಗಿದಿರಲಿ.

ಎಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ ಎಂದರೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ಇಲ್ಲ. ಆದರೆ ವರ್ಷಗಟ್ಟಲೆ ನಿಂತ ಎಂಜಿನನ್ನು ನೇರವಾಗಿ ಸ್ಟಾರ್ಟ್ ಮಾಡಬಾರದು. ಮೊದಲು ಆಯಿಲ್ ಬದಲಿಸಿ, ಮೂರೂ ಪ್ಲಗ್ಗುಗಳನ್ನು ಬಿಚ್ಚಿ, ತೂತುಗಳಿಗೆ ಕೆಲವು ಹನಿ ಆಯಿಲ್ ಬಿಟ್ಟು, ಸ್ಪ್ಯಾನರಿನಿಂದ ಎಂಜಿನನ್ನು ನಿಧಾನವಾಗಿ ಕೈಯಲ್ಲೇ ತಿರುಗಿಸಬೇಕು. ಸುಲಭವಾಗಿ ತಿರುಗಿತೆಂದರೆ ಒಳಗೆ ಜೀವವಿದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಮೆಕ್ಯಾನಿಕ್‌ನಿಂದ ಅದನ್ನು ಬದಲಿಸಿಕೊಳ್ಳಿ.

ಕಾರ್ಬೊರೇಟರ್ ಇರುವ ಹಳೆಯ ಮಾದರಿಗಳಲ್ಲಿ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಎಂಬ ಪುಟ್ಟ ಭಾಗವಿರುತ್ತದೆ. ಕಾರು ನಿಂತಲ್ಲೇ ನಿಂತರೆ ಅದರ ತುದಿಗಳಿಗೆ ತೆಳುವಾದ ಪೊರೆ ಕಟ್ಟಿ ಕಿಡಿ ನಿಲ್ಲುತ್ತದೆ. ನಯವಾದ ಉಪ್ಪುಕಾಗದದಿಂದ ಎರಡು ಸಲ ಎಳೆದು, ನಡುವಿನ ಅಂತರವನ್ನು 0.4ರಿಂದ 0.5 ಮಿಲಿಮೀಟರಿಗೆ ಇಟ್ಟರೆ ಎಷ್ಟೋ ‘ಸತ್ತ’ ಕಾರುಗಳು ಎದ್ದು ಕೂರುತ್ತವೆ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ತೇವ ಕೂತರೂ ಇದೇ ತೊಂದರೆ. ಅದಕ್ಕೆ ಒಣ ಬಟ್ಟೆಯೇ ಔಷಧ. 2000ದ ಆಸುಪಾಸಿನ ನಂತರ ಬಂದ ಇಂಜೆಕ್ಷನ್ ಮಾದರಿಗಳಲ್ಲಿ ಕಾರ್ಬೊರೇಟರೂ ಪಾಯಿಂಟೂ ಇಲ್ಲ. ಅವುಗಳ ದೋಷವನ್ನು ಗ್ಯಾರೇಜಿನ ಸ್ಕ್ಯಾನರಿಗೆ ಬಿಡುವುದೇ ಲೇಸು.

ಕಿಡಿ ಸರಿಯಿದ್ದರೆ ಇನ್ನು ಉಳಿದದ್ದು ಪೆಟ್ರೋಲ್. ಟ್ಯಾಂಕಿನಲ್ಲಿ ವರ್ಷಗಳಿಂದ ನಿಂತ ಪೆಟ್ರೋಲ್ ವಾರ್ನಿಶಿನಂತೆ ವಾಸನೆ ಬರುತ್ತದೆ, ಅಂಟಾಗಿ ಕಾರ್ಬೊರೇಟರಿನ ಜೆಟ್ಟುಗಳನ್ನು ಕಟ್ಟುತ್ತದೆ. ಅದನ್ನು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಜೆಟ್ಟುಗಳನ್ನು ತೊಳೆದು ಗಾಳಿ ಊದಬೇಕು. ಈಗ ಇನ್ನೊಂದು ಸಂಗತಿಯೂ ಸೇರಿಕೊಂಡಿದೆ. 2023ರಿಂದ ಪಂಪುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬರತೊಡಗಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಆ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಹಳೆಯ ಪೆಟ್ರೋಲ್ ಪೈಪುಗಳನ್ನೆಲ್ಲ ಕಿತ್ತು ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ. ಬಿಸಿ ಎಂಜಿನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಇಲ್ಲಿ ಮನೆಯ ಹೆಂಗಸರು ಮುಲಾಜಿಲ್ಲದೆ ಮಾತಾಡಬೇಕು. ಇಳಿಸಿದ ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಸಲು ಯಾರಿಗೂ ಬಿಡಬೇಡಿ, ಅಡುಗೆಮನೆಯ ಹತ್ತಿರ ಇಡಲು ಬಿಡಬೇಡಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ತಲೆ ಹಾಕಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟಿರಬೇಕು, ಚಕ್ರಗಳಿಗೆ ಅಡ್ಡ ಕಲ್ಲಿರಬೇಕು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದಂತೂ ಜೀವಕ್ಕೇ ಸಂಚಕಾರ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಶೆಡ್ಡಿಗೆ ತಾಗಿ ಮಕ್ಕಳು ಮಲಗುವ ಕೋಣೆಯ ಕಿಟಕಿ ಇದೆಯೇ ಎಂದೂ ನೋಡಿ.

ಎಂಜಿನ್ ಗುರ್ರೆಂದ ಖುಷಿಯಲ್ಲಿ ಕಾರನ್ನು ರಸ್ತೆಗೆ ಇಳಿಸುವವರೇ ಹೆಚ್ಚು. ಎಂಜಿನ್ ನಿಂತರೆ ಕಾರು ನಿಲ್ಲುತ್ತದೆ, ಬ್ರೇಕ್ ನಿಲ್ಲದಿದ್ದರೆ? ಬ್ರೇಕ್ ಆಯಿಲ್ ಕೂಡಾ ಗಾಳಿಯ ತೇವವನ್ನು ಹೀರುವ ವಸ್ತು. ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರವೇ? ನೀರು ಸೇರಿದ ಆಯಿಲ್ ಇಳಿಜಾರಿನಲ್ಲಿ ಬಿಸಿಯಾಗಿ ಒಳಗೆ ಆವಿ ಕಟ್ಟುತ್ತದೆ, ಪೆಡಲ್ ಸ್ಪಂಜಿನಂತೆ ಕೆಳಗಿಳಿಯುತ್ತದೆ. ಆಯಿಲ್, ರಬ್ಬರು, ಹೋಸುಗಳನ್ನು ಹೊಸದಾಗಿ ಹಾಕಿಸಿ. ಇದು ಮನೆಯಲ್ಲಿ ಕಲಿಯುವ ಕೆಲಸವಲ್ಲ, ನುರಿತವರದ್ದು. ಟಯರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟು ಆಳವಿದ್ದರೂ ಅಷ್ಟು ಹಳೆಯ ಟಯರನ್ನು ನಂಬಬೇಡಿ.

ಕಾಗದಪತ್ರದ ವಿಷಯಕ್ಕೆ ಬಂದರೆ, ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷ ನವೀಕರಣ. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಲಾಯಿತು. ತೆರಿಗೆ ಬೇರೆ. ಖರ್ಚಿನ ಲೆಕ್ಕ ಹಾಕುವಾಗ ಇದನ್ನು ಮೊದಲೇ ಸೇರಿಸಿಕೊಳ್ಳಿ.

ಆರ್.ಸಿ. ತೀರಿಹೋದ ತಂದೆಯ ಹೆಸರಿನಲ್ಲೇ ಇದೆಯೇ? ಮರಣದ 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಹೆಚ್ಚಿನ ಮನೆಗಳಲ್ಲಿ ಇದು ವರ್ಷಗಟ್ಟಲೆ ಬಾಕಿ ಉಳಿದಿರುತ್ತದೆ. ಮನೆ, ಜಾಗಗಳ ಪಾಲಿನ ಮಾತು ಬಂದಾಗ ನೆನಪಾಗುವ ಶರೀಅತ್ ಕಾರಿನ ವಿಷಯದಲ್ಲಿ ಮರೆತುಹೋಗುವುದುಂಟು. ತಂದೆ ಬಿಟ್ಟು ಹೋದ ಕಾರು ಕೂಡಾ ಆಸ್ತಿಯೇ. ಅದರಲ್ಲಿ ಉಮ್ಮನಿಗೂ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪಾಲಿದೆ. ಗುಜರಿಗೆ ಕೊಡುವುದಿದ್ದರೂ, ಲಕ್ಷ ಖರ್ಚು ಮಾಡಿ ಉಳಿಸುವುದಿದ್ದರೂ ಅವರನ್ನು ಕೇಳದೆ ಮಗನೊಬ್ಬನೇ ತೀರ್ಮಾನಿಸುವಂತಿಲ್ಲ. ಕಾರು ಯಾರಿಗೆ, ಅದರ ಬೆಲೆ ಎಷ್ಟೆಂದು ಹಿಡಿಯುವುದು, ರಿಪೇರಿಯ ದುಡ್ಡು ಯಾರದ್ದು ಎಂಬುದನ್ನು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಕೂತು ಮಾತಾಡಿ ಬರೆದಿಡಿ.

ಉಳಿಸುವುದೆಂದು ತೀರ್ಮಾನವಾದರೆ ಮೇ ತಿಂಗಳು ಮುಗಿಯುವ ಮೊದಲು ಮಾಡಬೇಕಾದ ಒಂದೆರಡು ಕೆಲಸಗಳಿವೆ. ಬಾಗಿಲುಗಳ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣು ತುಂಬಿ ಅವು ಮುಚ್ಚಿರುತ್ತವೆ. ಹಿಡಿಸೂಡಿಯ ಕಡ್ಡಿಯಿಂದ ಬಿಡಿಸಿ. ಬಿಸಿಲಿಗೆ ಮ್ಯಾಟುಗಳನ್ನು ಒಣಗಿಸಿ. ಬಾಡಿಗೆ ಅಂಟುವಂತೆ ಟರ್ಪಾಲು ಹೊದಿಸಬೇಡಿ, ಅದರಡಿ ತೇವ ಬೆವರಿನಂತೆ ಕಟ್ಟುತ್ತದೆ. ಮಾಡಿನ ಶೀಟು ಹಾಕಿಸಿ, ಬದಿಗಳನ್ನು ಗಾಳಿಗೆ ಬಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗೇಟಿನ ಹೊರಗೆ ನಾಲ್ಕೈದು ಕಿಲೋಮೀಟರ್ ಓಡಿಸಿ ತನ್ನಿ. ಉಮ್ಮನಿಗೆ ಲೈಸೆನ್ಸ್ ಇದ್ದರೆ ಅವರೇ ಓಡಿಸಲಿ.