ಟಿಟಿ ಬಾಲ್ ತಿರುಗೋದು ಹೇಗೆ? ಮಕ್ಕಳಿಗೆ ಬ್ಯಾಟ್ ಕೊಡಿಸೋ ಮುನ್ನ ಇದನ್ನು ಓದಿ

ತಿಪಟೂರು: ತಾಲ್ಲೂಕು ಮಟ್ಟದಲ್ಲಿ ಗೆದ್ದ ಹುಡುಗ ಜಿಲ್ಲಾ ಮಟ್ಟಕ್ಕೆ ಹೋಗಿ ಮೊದಲ ಸುತ್ತಲ್ಲೇ ಸೋತು ಬರ್ತಾನೆ. ಕೇಳಿದರೆ, ಎದುರಾಳಿ ಸರ್ವಿಸ್‌ಗೆ ಬ್ಯಾಟ್ ತಾಗಿಸಿದ್ರೆ ಸಾಕು, ಬಾಲ್ ನೆಟ್‌ಗೇ ಹೋಗುತ್ತೆ ಅಂತಾನೆ. ಇದು ಮಾಟ ಅಲ್ಲ, ಸ್ಪಿನ್. ಅರ್ಧ ಕೈಯಿಂದ ಬರುತ್ತೆ, ಇನ್ನರ್ಧ ಬ್ಯಾಟಿನ ರಬ್ಬರ್‌ನಿಂದ.

ಕೈ ಕೆಲಸ ಏನು?

ಬಾಲ್ 40 ಮಿ.ಮೀ. ಅಗಲ, ತೂಕ ಬರೀ 2.7 ಗ್ರಾಂ. ನೇರವಾಗಿ ಬಡಿದರೆ ವೇಗ ಬರುತ್ತೆ. ಬಾಲ್ ಮೈ ಸವರಿಕೊಂಡು ಬ್ಯಾಟ್ ಎಳೆದರೆ ತಿರುಗುತ್ತೆ, ಬುಗುರಿಗೆ ಚಾಟಿ ಸುತ್ತಿ ಎಳೆದ ಹಾಗೆ.

ಕೆಳಗಿನಿಂದ ಮೇಲಕ್ಕೆ ಸವರಿದರೆ ಟಾಪ್‌ಸ್ಪಿನ್. ತಿರುಗುವ ಬಾಲ್ ಗಾಳಿಯನ್ನು ಮೇಲಕ್ಕೆ ತಳ್ಳುತ್ತೆ, ಗಾಳಿ ಬಾಲನ್ನು ಕೆಳಕ್ಕೆ ಒತ್ತುತ್ತೆ. ಅದಕ್ಕೇ ಬೇಗ ಇಳಿದು, ಟೇಬಲ್ ಮುಟ್ಟಿದ ಮೇಲೆ ಮುಂದಕ್ಕೆ ನುಗ್ಗುತ್ತೆ. ಮೇಲಿನಿಂದ ಕೆಳಕ್ಕೆ ಕೊಯ್ದ ಹಾಗೆ ಹೊಡೆದರೆ ಬ್ಯಾಕ್‌ಸ್ಪಿನ್. ಇದಕ್ಕೆ ಬ್ಯಾಟ್ ನೇರ ಹಿಡಿದರೆ ಬಾಲ್ ಕೆಳಕ್ಕೆ ಜಾರಿ ನೆಟ್‌ಗೆ ಬೀಳುತ್ತೆ. ಬ್ಯಾಟಿನ ಮುಖ ಸ್ವಲ್ಪ ಮೇಲಕ್ಕೆ ತಿರುಗಿಸಬೇಕು. ಟಾಪ್‌ಸ್ಪಿನ್‌ಗೆ ಉಲ್ಟಾ, ಮುಖ ಕೆಳಕ್ಕೆ ಬಾಗಿಸಬೇಕು.

ಸರ್ವಿಸ್ ಮಾಡುವವರು ಬಾಲನ್ನು ಕನಿಷ್ಠ 16 ಸೆಂ.ಮೀ. ಮೇಲಕ್ಕೆ ಎಸೆಯಬೇಕು, ಎದುರಾಳಿಗೆ ಕಾಣದಂತೆ ಮರೆಮಾಡಬಾರದು ಅಂತ ನಿಯಮ ಇದೆ. ಹಾಗಾಗಿ ಬಾಲ್ ಮುಟ್ಟುವ ಕ್ಷಣ ಬ್ಯಾಟ್ ಯಾವ ಕಡೆ ಚಲಿಸಿತು ಅಂತ ನೋಡೋದನ್ನು ಮಕ್ಕಳಿಗೆ ಮೊದಲು ಕಲಿಸಬೇಕು.

ರಬ್ಬರ್ ಕೆಲಸ ಏನು?

1952ರಲ್ಲಿ ಬಾಂಬೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ತಂದು ಗೆದ್ದುಬಿಟ್ಟರು. ಆಟವೇ ಬದಲಾಯ್ತು. ಈಗ ರಬ್ಬರ್, ಸ್ಪಾಂಜ್, ಗೋಂದು ಎಲ್ಲಾ ಸೇರಿ 4 ಮಿ.ಮೀ. ಮೀರುವಂತಿಲ್ಲ.

ನುಣುಪು ಮೈಯ ರಬ್ಬರ್ ಬಾಲನ್ನು ಹಿಡಿದು ತಿರುಗಿಸುತ್ತೆ. ಹೊರಗೆ ಗಿಡ್ಡ ಮುಳ್ಳುಗಳಿರುವ ರಬ್ಬರ್‌ನಲ್ಲಿ ಸ್ಪಿನ್ ಕಡಿಮೆ, ಹೊಡೆತ ಚುರುಕು. ಉದ್ದ ಮುಳ್ಳಿನದ್ದು ಎದುರಾಳಿಯ ಸ್ಪಿನ್ನನ್ನೇ ಅವರಿಗೆ ವಾಪಸ್ ಕೊಡುತ್ತೆ. ಅವರು ಟಾಪ್‌ಸ್ಪಿನ್ ಹೊಡೆದರೆ ಬ್ಯಾಕ್‌ಸ್ಪಿನ್ ಆಗಿ ಬರುತ್ತೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಮನಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್‌ನಲ್ಲಿ ಇಂಥ ರಬ್ಬರ್ ಬಳಸಿಯೇ ಹೆಸರಾದವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ಜೊತೆ ಭಾರತ ತಂಡದಲ್ಲಿ ಆಡಿದವರು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್.

ಬ್ಯಾಟಿನ ಒಂದು ಬದಿ ಕಪ್ಪು, ಇನ್ನೊಂದು ಬದಿ ಬೇರೆ ಗಾಢ ಬಣ್ಣ ಇರೋದು ಅಂದಕ್ಕಲ್ಲ. ಎದುರಾಳಿ ಯಾವ ರಬ್ಬರ್‌ನಲ್ಲಿ ಹೊಡೆದರು ಅಂತ ಗೊತ್ತಾಗಲಿ ಅಂತ. ಆಟಕ್ಕೆ ಮೊದಲು ಎದುರಾಳಿಯ ಬ್ಯಾಟ್ ಕೇಳಿ ನೋಡೋದು ತಪ್ಪಲ್ಲ, ಅದು ಹಕ್ಕು.

ಕೊಳ್ಳುವಾಗ ಏನು ನೋಡಬೇಕು?

ಕಲಿಯುವ ಮಕ್ಕಳಿಗೆ ಎರಡೂ ಬದಿ ನುಣುಪು ರಬ್ಬರ್, ತೆಳು ಸ್ಪಾಂಜ್ ಸಾಕು. ದುಬಾರಿ ವೇಗದ ಬ್ಯಾಟ್ ಕೊಡಿಸಿದರೆ ಬಾಲ್ ಹಿಡಿತಕ್ಕೇ ಸಿಗಲ್ಲ. ಬಾಲನ್ನು ರಬ್ಬರ್ ಮೇಲೆ ಒತ್ತಿ ಎಳೆದು ನೋಡಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹಿಡಿತ ಇಲ್ಲ ಅಂತಲೇ ಅರ್ಥ. ಅಂಗಡಿಯವರೂ ಹೀಗೆ ತೋರಿಸಿ ಮಾರಬಹುದು.

ನಮ್ಮ ಕಡೆ ಧೂಳು ಜಾಸ್ತಿ. ಧೂಳು ಕೂತ ರಬ್ಬರ್ ಸ್ಪಿನ್ ಕೊಡಲ್ಲ. ಆಟ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಕವರ್‌ಗೆ ಹಾಕಿ. ಬಿಸಿಲಲ್ಲಿ ಬಿಡಬೇಡಿ. ರಬ್ಬರ್ ಸವೆದರೆ ಹಲವು ಬ್ಯಾಟ್‌ಗಳಲ್ಲಿ ಅದನ್ನಷ್ಟೇ ಬದಲಿಸಬಹುದು, ಮರ ಹಾಗೇ ಉಳಿಯುತ್ತೆ. ದುಡ್ಡೂ ಉಳಿಯುತ್ತೆ.