ಹಿಂದುಳಿದಿರುವಿಕೆಯ ಅಳತೆ: ಮೈಸೂರು ರಾಜ್ಯದ ಒಂದು ಸರಾಸರಿಯ ವಿಚಾರ

ಸಮಾಜದಲ್ಲಿ ಅಸಮತೆಯಿದೆಯೆಂಬುದನ್ನು ತಿಳಿಯಲು ಸಂಶೋಧನೆ ಬೇಕಾಗಿಲ್ಲ. ಕಣ್ಣಿದ್ದವರಿಗೆಲ್ಲ ಅದು ಕಾಣುತ್ತದೆ. ಆದರೆ ಅದನ್ನು ತಗ್ಗಿಸುವ ಉದ್ದೇಶದಿಂದ ಸರ್ಕಾರವು ಒಂದು ಆಜ್ಞೆಯನ್ನು ಹೊರಡಿಸಬೇಕಾದಾಗ, ಯಾರು ಹಿಂದುಳಿದವರು, ಎಷ್ಟರಮಟ್ಟಿಗೆ ಹಿಂದುಳಿದವರು ಎಂಬುದನ್ನು ಅಂಕಿಗಳಲ್ಲಿ ಹೇಳಬೇಕಾಗುತ್ತದೆ. ಹಾಗೆ ಹೇಳಿದ ಅಂಕಿಯು ವೈದ್ಯಕೀಯ ಕಾಲೇಜಿನ ಸ್ಥಾನವನ್ನು ಒಬ್ಬನಿಗೆ ಕೊಡುತ್ತದೆ, ಇನ್ನೊಬ್ಬನಿಗೆ ತಪ್ಪಿಸುತ್ತದೆ. ಈ ಲೇಖನದಲ್ಲಿ ನಾವು ಅಂಥ ಒಂದೇ ಒಂದು ಅಂಕಿಯನ್ನು, ಎಂದರೆ 1961ರಲ್ಲಿ ಮೈಸೂರು ರಾಜ್ಯದಲ್ಲಿ ಬಳಕೆಗೆ ಬಂದ 'ಸಾವಿರಕ್ಕೆ 6.9' ಎಂಬ ಸರಾಸರಿಯನ್ನು ಎತ್ತಿಕೊಂಡು, ಅದು ಹೇಗೆ ಹುಟ್ಟಿತು, ಏನನ್ನು ಅಳೆಯಿತು, ಏನನ್ನು ಅಳೆಯದೆ ಬಿಟ್ಟಿತು ಎಂಬುದನ್ನು ವಿವರಿಸಲು ಯತ್ನಿಸಿದ್ದೇವೆ.

ಹಳೆಯ ಮೈಸೂರು ಸಂಸ್ಥಾನಕ್ಕೆ ಈ ಪ್ರಶ್ನೆ ಹೊಸದಾಗಿರಲಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಏಳು ವರ್ಷಗಳ ಒಳಗಾಗಿ ಸರ್ಕಾರದ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಂತೆಯೂ ಬ್ರಾಹ್ಮಣೇತರರು ಇರತಕ್ಕದ್ದೆಂದು ಆ ಸಮಿತಿ ಸಲಹೆ ಮಾಡಿತು. 1921ರಲ್ಲಿ ಅದರ ಮೇಲೆ ಆಜ್ಞೆಯೂ ಆಯಿತು. ಅಂದಿನ ಸ್ಥಿತಿಯಲ್ಲಿ ಅಳತೆ ಸುಲಭವಾಗಿತ್ತು. ನೌಕರಿಯಲ್ಲಿ ಒಂದು ಕೋಮು ಬಹುವಾಗಿಯೂ ಉಳಿದವು ವಿರಳವಾಗಿಯೂ ಇದ್ದುದರಿಂದ, ಉಳಿದವರನ್ನೆಲ್ಲ ಒಟ್ಟಾಗಿ ಕಂಡರೂ ಹೆಚ್ಚು ತೊಡಕಾಗಲಿಲ್ಲ. ಆ ಉಳಿದವರೊಳಗೇ ಹೆಚ್ಚುಕಡಮೆಗಳು ಬೆಳೆದಮೇಲೆ ಕಷ್ಟವು ಪ್ರಾರಂಭವಾಯಿತು.

1951ರಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿಯಿಂದ 15ನೆಯ ವಿಧಿಗೆ 4ನೆಯ ಖಂಡವು ಸೇರಿ, 'ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ' ವರ್ಗಗಳಿಗೆ ವಿಶೇಷ ಏರ್ಪಾಡು ಮಾಡುವ ಅಧಿಕಾರ ರಾಜ್ಯಗಳಿಗೆ ಸ್ಪಷ್ಟವಾಗಿ ಲಭಿಸಿತು. 'ಸಾಮಾಜಿಕವಾಗಿಯೂ' ಎಂಬ ಮಾತನ್ನೂ 'ಶೈಕ್ಷಣಿಕವಾಗಿಯೂ' ಎಂಬ ಮಾತನ್ನೂ ವಾಚಕರು ಬೇರೆ ಬೇರೆಯಾಗಿ ನೆನಪಿನಲ್ಲಿಡಬೇಕು. 1960ರ ಜನವರಿಯಲ್ಲಿ ಡಾ. ಆರ್. ನಾಗನಗೌಡರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಶೈಕ್ಷಣಿಕ ಸ್ಥಿತಿಯನ್ನು ಅಳೆಯಲು ಒಂದು ಸರಳವಾದ ಉಪಾಯವನ್ನು ಹೂಡಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವ ಒಂದು ಜಾತಿಯ ವಿದ್ಯಾರ್ಥಿಗಳು, ಆ ಜಾತಿಯ ಸಾವಿರ ಜನಕ್ಕೆ ಎಷ್ಟು? ಇಡೀ ರಾಜ್ಯಕ್ಕೆ ಈ ಲೆಕ್ಕ ಹಾಕಿದಾಗ ಸಾವಿರಕ್ಕೆ 6.9 ಬಂದಿತು. ಅದಕ್ಕಿಂತ ಕೆಳಗಿದ್ದವರು ಹಿಂದುಳಿದವರೆಂದೂ, ಅದರ ಅರ್ಧಕ್ಕಿಂತಲೂ ಕೆಳಗಿದ್ದವರು ಹೆಚ್ಚು ಹಿಂದುಳಿದವರೆಂದೂ ವಿಂಗಡಣೆಯಾಯಿತು. ಲಿಂಗಾಯತರ ಅಂಕಿ 7.1 ಆಗಿದ್ದುದರಿಂದ ಸಮಿತಿಯು ಅವರನ್ನು ಪಟ್ಟಿಯಿಂದ ಹೊರಗಿಟ್ಟಿತು. ವ್ಯತ್ಯಾಸವು ಅತ್ಯಲ್ಪವೆಂದು ಸರ್ಕಾರವು ಒಳಗೆ ಸೇರಿಸಿಕೊಂಡಿತು.

ಈ 0.2ರ ವ್ಯತ್ಯಾಸದ ಎದುರಿಗೆ ಸ್ವಲ್ಪ ಹೊತ್ತು ನಿಲ್ಲುವುದು ಉಚಿತ. ವಿದ್ಯಾರ್ಥಿಗಳ ಎಣಿಕೆ ಶಾಲೆಗಳಿಂದ ದೊರೆಯುತ್ತದೆ. ಆದರೆ ಜಾತಿಯ ಜನಸಂಖ್ಯೆ ಎಲ್ಲಿಂದ ದೊರೆಯಬೇಕು? ಸ್ವಾತಂತ್ರ್ಯಾನಂತರದ ಜನಗಣತಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳನ್ನು ಬಿಟ್ಟು ಬೇರೆ ಜಾತಿಗಳನ್ನು ಎಣಿಸಿರಲಿಲ್ಲ. ಅದಲ್ಲದೆ 1956ರಲ್ಲಿ ಕೂಡಿಬಂದ ರಾಜ್ಯವು ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ತುಂಡುಗಳಿಂದಾದುದು. ಒಂದೇ ಜನಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಹೀಗಿರುವಾಗ ಭಾಜಕವು ಅಂದಾಜಿನದೇ ಆಗಬೇಕಾಗುತ್ತದೆ. ಒಂದು ಪಂಗಡದ ಜನಸಂಖ್ಯೆ 10 ಲಕ್ಷವೆಂದೂ, ಆ ಮೂರು ತರಗತಿಗಳಲ್ಲಿರುವ ಅದರ ವಿದ್ಯಾರ್ಥಿಗಳು 7,100 ಎಂದೂ ಇಟ್ಟುಕೊಳ್ಳೋಣ: ಸಾವಿರಕ್ಕೆ 7.1. ನಿಜವಾದ ಜನಸಂಖ್ಯೆಯು ಅಂದಾಜಿಗಿಂತ ನೂರಕ್ಕೆ 3ರಷ್ಟು ಮಾತ್ರ ಹೆಚ್ಚಾಗಿ, 10,30,000 ಆಗಿದ್ದರೆ ಅದೇ ಅಂಕಿ 6.89ಕ್ಕೆ ಇಳಿಯುತ್ತದೆ, ಮುಂದುವರಿದ ಪಂಗಡವು ಒಬ್ಬ ವಿದ್ಯಾರ್ಥಿಯೂ ಶಾಲೆ ಬಿಡದೆ ಹಿಂದುಳಿದುದಾಗುತ್ತದೆ. ಹಳೆಯ ಗಣತಿಗಳಿಂದ ಕಟ್ಟಿದ ಅಂದಾಜಿನಲ್ಲಿ ನೂರಕ್ಕೆ 3ರ ತಪ್ಪು ಬಹಳವಲ್ಲ. ತರಗತಿಯಲ್ಲಿ ದಶಮಾಂಶದ ಮಹಿಮೆಯನ್ನು ಬೋಧಿಸುವ ಉಪಾಧ್ಯಾಯರು ಈ ಲೆಕ್ಕವನ್ನು ಹಲಗೆಯ ಮೇಲೆ ಒಮ್ಮೆ ಮಾಡಿ ತೋರಿಸಬಹುದು.

ಇನ್ನೊಂದು ತೊಡಕು ಸರಾಸರಿಯ ಸ್ವಭಾವದಲ್ಲಿಯೇ ಇದೆ. ಸಮಾನ ಜನಸಂಖ್ಯೆಯ ಹತ್ತು ಪಂಗಡಗಳಲ್ಲಿ ಒಂದರ ಅಂಕಿ 24, ಉಳಿದ ಒಂಬತ್ತರ ಅಂಕಿ ತಲಾ 5 ಎಂದು ಊಹಿಸಿದರೆ, ಒಟ್ಟು ಸರಾಸರಿ 6.9 ಆಗುತ್ತದೆ. ಸರಾಸರಿಗಿಂತ ಕೆಳಗಿರುವವರೆಲ್ಲ ಹಿಂದುಳಿದವರೆಂದರೆ ಒಂಬತ್ತು ಪಂಗಡಗಳೂ ಹಿಂದುಳಿದವುಗಳೇ. ಸರಾಸರಿಯ ಅರ್ಧಕ್ಕಿಂತ, ಎಂದರೆ 3.45ಕ್ಕಿಂತ, ಕೆಳಗಿರುವವರೆಂದರೆ ಒಂದೂ ಇಲ್ಲ. ಸಂಗತಿಗಳು ಒಂದಿಷ್ಟೂ ಬದಲಾಗಿಲ್ಲ. ಗೆರೆಯೆಳೆದ ಸ್ಥಳ ಮಾತ್ರ ಬದಲಾಗಿದೆ. ಮೇಲಿರುವ ಕೆಲವರು ಬಹಳ ಮೇಲಿರುವ ಸಮಾಜದಲ್ಲಿ ಬಹುಮಂದಿ ಸರಾಸರಿಯ ಕೆಳಗೇ ಬೀಳುತ್ತಾರೆಂಬುದನ್ನು ನೀತಿಯನ್ನು ರೂಪಿಸುವವರು ಹಲವು ವೇಳೆ ಮರೆಯುತ್ತಾರೆ.

1962ರ ಜುಲೈ 31ರ ಆಜ್ಞೆಯಂತೆ ವೈದ್ಯಕೀಯ ಮತ್ತು ತಾಂತ್ರಿಕ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇಕಡ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ಪಂಗಡಗಳಿಗೆ 3, ಒಟ್ಟು 68 ಸ್ಥಾನಗಳು ಮೀಸಲಾದವು. ಇದನ್ನು ಪ್ರಶ್ನಿಸಿದ ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಸೆಪ್ಟೆಂಬರ್ 28ರಂದು ಆಜ್ಞೆಯನ್ನು ತಳ್ಳಿಹಾಕಿತು. ಮೀಸಲಾತಿಯು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆಯಿರತಕ್ಕದ್ದೆಂಬ ಅದರ ಮಾತು ಪ್ರಸಿದ್ಧವಾಗಿದೆ. ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದುವು ಅದೇ ತೀರ್ಪಿನ ಬೇರೆ ಎರಡು ಮಾತುಗಳು. ಜಾತಿಯೊಂದೇ ಸಾಮಾಜಿಕ ಹಿಂದುಳಿದಿರುವಿಕೆಯ ಒರೆಗಲ್ಲಾಗಲಾರದು ಎಂಬುದು ಒಂದು. ರಾಜ್ಯದ ಸರಾಸರಿಗೆ ಸಮೀಪದಲ್ಲಿರುವವರನ್ನು ಹಿಂದುಳಿದವರೆನ್ನಲಾಗದು, ಅದಕ್ಕಿಂತ ಬಹಳ ಕೆಳಗಿರುವವರನ್ನು ಮಾತ್ರ ಹಾಗೆನ್ನಬಹುದು ಎಂಬುದು ಮತ್ತೊಂದು. ಅತ್ಯಂತ ಮುಂದುವರಿದವರಿಗೆ ಹೋಲಿಸಿ ಉಳಿದವರೆಲ್ಲರನ್ನೂ ಹಿಂದುಳಿದವರೆಂದು ಕರೆದಂತಾಗಿದೆಯೆಂಬ ನ್ಯಾಯಾಲಯದ ಆಕ್ಷೇಪಕ್ಕೆ ಮೇಲಿನ ನಮ್ಮ ಉದಾಹರಣೆಯೇ ವ್ಯಾಖ್ಯಾನವಾಗಬಲ್ಲದು. ಆದರೆ 'ಅರ್ಧ ಸರಾಸರಿ' ಎಂಬ ಗೆರೆಗೂ ಅನುಕೂಲವನ್ನು ಬಿಟ್ಟರೆ ಬೇರೆ ಆಧಾರವಿಲ್ಲವೆಂದು ನಾವು ಹೇಳಲೇಬೇಕು.

ಎಲ್ಲಕ್ಕಿಂತ ಗುರುತರವಾದ ಲೋಪವು ಪಂಗಡದ ಒಳಗಿನ ಭೇದಗಳಿಗೆ ಸಂಬಂಧಿಸಿದುದು. ಒಂದು ಲಕ್ಷ ಜನರ ಪಂಗಡವೊಂದರಲ್ಲಿ 10,000 ಜನ ಪಟ್ಟಣವಾಸಿಗಳು. ಅವರಲ್ಲಿ ಸಾವಿರಕ್ಕೆ 30 ಮಂದಿ ಪ್ರೌಢಶಾಲೆಯಲ್ಲಿದ್ದಾರೆ. ಹಳ್ಳಿಗಳಲ್ಲಿರುವ 90,000 ಜನರಲ್ಲಿ ಸಾವಿರಕ್ಕೆ 4. ಒಟ್ಟು 660 ವಿದ್ಯಾರ್ಥಿಗಳು, ಸರಾಸರಿ 6.6, ಪಂಗಡವು ಹಿಂದುಳಿದುದು. ಈಗ ಆ ಮೀಸಲು ಸ್ಥಾನಕ್ಕೆ ಅರ್ಜಿ ಹಾಕುವವರು ಯಾರು? ಹಳ್ಳಿಯವರು ತಮ್ಮ ಅಭಾವದಿಂದ ಅಂಕಿಯನ್ನು ಕೆಳಗಿಳಿಸಿಕೊಟ್ಟರು. ಪಟ್ಟಣದವರು ಸ್ಥಾನವನ್ನು ಪಡೆದರು. ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ಮಾತು. ಅವರು ಭಾಜಕದಲ್ಲಿ ಪೂರ್ತಿಯಾಗಿ ಸೇರುತ್ತಾರೆ, ವಿದ್ಯಾರ್ಥಿಗಳ ಎಣಿಕೆಯಲ್ಲಿ ವಿರಳವಾಗಿ ಕಾಣುತ್ತಾರೆ. ಹಿಂದುಳಿದ ವರ್ಗಗಳೊಳಗಿನ ಅನುಕೂಲಸ್ಥರನ್ನು, ಈಗ 'ಕೆನೆಪದರ' ಎಂದು ಕರೆಯುವ ಭಾಗವನ್ನು, ಬೇರ್ಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಇಂದ್ರಾ ಸಾಹ್ನಿ ಮೊಕದ್ದಮೆಯಲ್ಲಿ ವಿಧಿಸಿದ್ದು 1992ರಲ್ಲಿ.

ಬಾಲಾಜಿ ತೀರ್ಪಿನ ತರುವಾಯ ಮೈಸೂರು ಸರ್ಕಾರವು 1963ರಲ್ಲಿ ಜಾತಿಯನ್ನೇ ಕೈಬಿಟ್ಟು ವರಮಾನ ಮತ್ತು ಕಸುಬುಗಳನ್ನು ಹಿಡಿಯಿತು. ಕುಟುಂಬದ ವಾರ್ಷಿಕ ವರಮಾನವು 1,200 ರೂಪಾಯಿಗಳಿಗೆ ಮೀರದೆ, ಕಸುಬು ಸ್ವಂತ ಬೇಸಾಯ, ಕೈಗಾರಿಕೆಯ ಕುಶಲಕೆಲಸ, ಚಿಲ್ಲರೆ ವ್ಯಾಪಾರ, ಕೆಳದರ್ಜೆಯ ನೌಕರಿ ಅಥವಾ ಬೇರೆ ಯಾವುದಾದರೂ ಮೈದುಡಿಮೆ ಆಗಿದ್ದರೆ ಅಂಥವರಿಗೆ ಶೇಕಡ 30 ಸ್ಥಾನಗಳು. ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಈ ಮಾನದಂಡವು ನೋಡಲು ನಿಷ್ಪಕ್ಷಪಾತವಾದುದು. ಆದರೆ ತಿಂಗಳ ಸಂಬಳ ಪಡೆಯುವ ಗುಮಾಸ್ತನ ವರಮಾನವು ಪೈಸೆಯವರೆಗೂ ಬರೆದಿಟ್ಟಿರುತ್ತದೆ; ಕಣಜದಲ್ಲಿ ತುಂಬಿ ಮನೆಯಲ್ಲಿಯೇ ಖರ್ಚಾಗುವ ರಾಗಿಗೆ ಯಾವ ಲೆಕ್ಕಪುಸ್ತಕವೂ ಇಲ್ಲ. ಹತ್ತು ಎಕರೆ ತರಿ ಜಮೀನಿನ ಒಡೆಯನೂ ಮಳೆ ನಂಬಿದ ಒಂದೆಕರೆಯವನೂ 'ಬೇಸಾಯಗಾರ'ರೇ.

ಇಲ್ಲಿಗೆ, ನಾವು ಮೊದಲಿಗೆ ನೆನಪಿಡಲು ಹೇಳಿದ 'ಸಾಮಾಜಿಕವಾಗಿಯೂ' ಎಂಬ ಪದವು ಮತ್ತೆ ಎದುರಾಗುತ್ತದೆ. ಮೈಸೂರಿನ ಬಳಿಯ ಹಳ್ಳಿಯೊಂದನ್ನು ಅಧ್ಯಯನ ಮಾಡಿ ಅದನ್ನು ರಾಂಪುರವೆಂದು ಕರೆದ ಎಂ. ಎನ್. ಶ್ರೀನಿವಾಸರು, ಜನಬಲ ಮತ್ತು ಭೂಮಿಯಿಂದ ಗ್ರಾಮಜೀವನವನ್ನು ಹಿಡಿತದಲ್ಲಿಟ್ಟುಕೊಂಡ 'ಪ್ರಬಲ ಜಾತಿ'ಯ ಕಲ್ಪನೆಯನ್ನು 1950ರ ದಶಕದಲ್ಲಿಯೇ ಮುಂದಿಟ್ಟಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಭೂಮಿಯ ಒಡೆತನಕ್ಕೆ ಅಂಕಣವಿಲ್ಲ. ಅಸ್ಪೃಶ್ಯತೆಯ ಅವಮಾನಕ್ಕೂ ಇಲ್ಲ. ದೇವರಾಜ ಅರಸರ ಸರ್ಕಾರವು 1972ರಲ್ಲಿ ನೇಮಿಸಿದ ಎಲ್. ಜಿ. ಹಾವನೂರರ ಆಯೋಗವು ಮಾದರಿ ಹಳ್ಳಿಗಳನ್ನೂ ಪಟ್ಟಣಭಾಗಗಳನ್ನೂ ಆರಿಸಿ ಮನೆಗಳ ಸಮೀಕ್ಷೆ ನಡೆಸಿ, 1975ರಲ್ಲಿ ವರದಿಯೊಪ್ಪಿಸಿತು. ಅದರ ತೀರ್ಮಾನಗಳ ಬಗ್ಗೆ ವಿವಾದಗಳು ಹಲವು. ಆದರೂ ಕಚೇರಿಯ ಕಾಗದಗಳನ್ನೇ ನೆಚ್ಚದೆ ಮನೆಯ ಬಾಗಿಲಿಗೆ ಹೋಗಿ ಕೇಳಿದ ಅದರ ಕ್ರಮವು ಸಂಶೋಧಕರಿಗೆ ಪ್ರಿಯವಾದುದು.

2015ರಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗವು ಮನೆಮನೆಯ ಸಮೀಕ್ಷೆ ನಡೆಸಿತು. ವರದಿಯು ಸರ್ಕಾರದ ಕೈಸೇರಿದ್ದು 2024ರಲ್ಲಿ. 2025ರಲ್ಲಿ ಹೊಸದಾಗಿ ಮತ್ತೊಂದು ಸಮೀಕ್ಷೆ ಪ್ರಾರಂಭವಾಯಿತು. ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರವು 2025ರಲ್ಲಿ ನಿರ್ಧರಿಸಿದೆ. ಹೀಗೆ 1961ರ ಸಮಿತಿಗೆ ದೊರೆಯದಿದ್ದ ಭಾಜಕವು ಈಗ ದೊರೆಯುವ ಸಂಭವವಿದೆ. ಆದರೆ ಅಂದು ಕೆಲವರಿಗೇ ಎಟುಕುತ್ತಿದ್ದ ಪ್ರೌಢಶಾಲೆಗೆ ಇಂದು ಎಲ್ಲ ಪಂಗಡಗಳ ಮಕ್ಕಳೂ ಹೋಗುತ್ತಿರುವುದರಿಂದ, ಅಂದಿನ ಭಾಜ್ಯವು ಇಂದಿಗೆ ಒದಗದು. ಜಾತಿಯೊಂದಕ್ಕೆ ಒಂದೇ ಅಂಕಿಯನ್ನು ಪ್ರಕಟಿಸುವ ಬದಲು, ಜಿಲ್ಲೆ, ಹಳ್ಳಿ ಮತ್ತು ಪಟ್ಟಣ, ಗಂಡು ಮತ್ತು ಹೆಣ್ಣು, ಭೂಮಿಯುಳ್ಳವರು ಮತ್ತು ಇಲ್ಲದವರು ಎಂದು ಬಿಡಿಸಿದ ಕೋಷ್ಟಕಗಳನ್ನು ಹೊರಡಿಸಿದರೆ, 6.6ರ ಹಿಂದೆ 30 ಅಡಗಿದೆಯೋ 4 ಅಡಗಿದೆಯೋ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಯೂ ತಾನೇ ಪರೀಕ್ಷಿಸಿ ನೋಡಬಹುದು.