ಒಂದು ಹನಿಯೊಳಗೆ ಲಕ್ಷ ಮಾರಿಕಣಿವೆ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಗುಡ್ಡದ ಮೇಲಿನ ಗಾಳಿಯಂತ್ರ ಯಾಕೆ ಅಷ್ಟು ಸೋಮಾರಿಯಾಗಿ ತಿರುಗುತ್ತದೆ? ಸೋಮಾರಿಯೇ! ರೆಕ್ಕೆಯ ಉದ್ದ 40 ಮೀಟರ್, ವೇಗ ನಿಮಿಷಕ್ಕೆ 18 ಸುತ್ತು ಎಂದಿಟ್ಟುಕೊಳ್ಳಿ. ಒಂದೊಂದು ಸುತ್ತಿಗೂ ರೆಕ್ಕೆಯ ತುದಿ 251 ಮೀಟರ್ ಓಡಬೇಕು. ಗಂಟೆಯ ಲೆಕ್ಕಕ್ಕೆ ತಂದರೆ 270 ಕಿಲೋಮೀಟರ್! ಹೆದ್ದಾರಿಯಲ್ಲಿ 80ರ ವೇಗದಲ್ಲಿ ಓಡುತ್ತಿರುವ ಬಸ್ಸಿಗಿಂತ ಮೂರು ಪಟ್ಟಿಗೂ ಹೆಚ್ಚು.

ಆ ರೆಕ್ಕೆಯನ್ನು ನೂಕುವ ಗಾಳಿಯ ಅಣುಗಳದ್ದು ಇನ್ನೂ ದೊಡ್ಡ ಓಟ. ಇದೇ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟರು. ಅದು ತಾನೇ ದಾರಿ ಹಿಡಿದು ಬಂದು ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ರನ್‌ವೇಗೆ ಇಳಿಯಿತು. ನೋಡಿದವರು ಉಸಿರು ಬಿಗಿಹಿಡಿದಿರಬೇಕು. ಹಾಗೆ ಬಿಗಿಹಿಡಿದ ಉಸಿರಿನ ಅಣುಗಳು ಮಾತ್ರ ಎದೆಯೊಳಗೇ ಗಂಟೆಗೆ ಸುಮಾರು 1,700 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದವು, ಹೆಚ್ಚುಕಡಿಮೆ ಐದು ಪಟ್ಟು! ಅದೂ ನೇರ ಓಟವಲ್ಲ. ಒಂದೊಂದು ಅಣುವೂ ಒಂದು ಸೆಕೆಂಡಿನಲ್ಲಿ ಆರೇಳು ನೂರು ಕೋಟಿ ಸಲ ಪಕ್ಕದವುಗಳಿಗೆ ಡಿಕ್ಕಿ ಹೊಡೆಯುತ್ತದೆ. ಹೆಚ್ಚುಕಡಿಮೆ ಇಡೀ ಭೂಮಿಯ ಜನರಿಗೆಲ್ಲ ಒಂದೇ ಸೆಕೆಂಡಿನಲ್ಲಿ ಭುಜ ತಗುಲಿಸಿ ಬಂದ ಹಾಗಾಯಿತು.

ಗಾಳಿಗೆ ತೂಕ ಇದೆಯೇ ಎಂಬುದು ಮುಂದಿನ ಪ್ರಶ್ನೆ. ದುರ್ಗದ ಎತ್ತರದಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಒಂದು ಕೆ.ಜಿ.ಗೆ ತುಸು ಕಡಿಮೆ ಗಾಳಿ ಕೂತಿದೆ. ವಿಜ್ಞಾನ ಪುಸ್ತಕ ತೆರೆದಿಟ್ಟರೆ ಒಂದೇ ಪುಟದ ಮೇಲೆ ಸುಮಾರು 400 ಕೆ.ಜಿ., ಒಂದು ಎತ್ತಿನ ತೂಕ! ಮೇಷ್ಟ್ರ ಮೇಜಿನ ಮೇಲೆ ಆರೂವರೆ ಟನ್ನಿಗೂ ಹೆಚ್ಚು, ದಸರಾ ಅಂಬಾರಿ ಹೊರುವ ಆನೆಗಿಂತ ಭಾರ. ಮೇಜು ಮುರಿಯುವುದಿಲ್ಲ, ಏಕೆಂದರೆ ಕೆಳಗಿನಿಂದಲೂ ಗಾಳಿ ಅಷ್ಟೇ ಬಲವಾಗಿ ಮೇಲಕ್ಕೆ ಒತ್ತುತ್ತದೆ.

ಇವೆಲ್ಲ ಇನ್ನೂ ಚಿಕ್ಕ ಸಂಖ್ಯೆಗಳು. ನಿಜವಾದ ಸಂಖ್ಯೆ ಇರುವುದು ನಲ್ಲಿಯ ತುದಿಯಲ್ಲಿ. ನಲ್ಲಿ ತಿರುಗಿಸಿದ ಮೇಲೂ ಒಂದು ಹನಿ ಹಿತ್ತಾಳೆಯ ಅಂಚಿಗೆ ಅಂಟಿಕೊಂಡು, ಉದ್ದವಾಗಿ, ಕೆಳಗೆ ದಪ್ಪಗಾಗಿ, ಬೀಳಲೋ ಬೇಡವೋ ಎಂದು ತೂಗುತ್ತದಲ್ಲ, ಅದರ ತೂಕ ಸುಮಾರು 50 ಮಿಲಿಗ್ರಾಂ. ‘ಇದರಲ್ಲಿ ಎಷ್ಟು ಅಣು ಇರ್ತವೆ, ಸಾರ್?’ ಹತ್ತನೇ ತರಗತಿಯ ಹುಡುಗಿ ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ.

ಉತ್ತರ: 167 ಬರೆದು ಮುಂದೆ 19 ಸೊನ್ನೆ. ಜಗತ್ತಿನ 800 ಕೋಟಿ ಜನರೂ ಊಟ ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೆ, ಆ ಒಂದು ಹನಿ ಮುಗಿಯಲು ಆರೂವರೆ ಸಾವಿರ ವರ್ಷ ಬೇಕು. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೆತ್ತಿ ಇನ್ನೂ 2,300 ವರ್ಷ ತುಂಬಿಲ್ಲ!

ಇನ್ನೂ ಮನಸ್ಸಿಗೆ ಇಳಿಯದಿದ್ದರೆ ಮಾರಿಕಣಿವೆಗೆ ಬನ್ನಿ. 1907ರಲ್ಲಿ ಇಲ್ಲಿ ಕಟ್ಟಿ ಮುಗಿದ ಜಲಾಶಯ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 89 ವರ್ಷ ಹಿಡಿಯಿತು. 2022ರಲ್ಲಿ ಅದು ತುಂಬಿದಾಗ ಹಿರಿಯೂರಿನ ಬಹುಪಾಲು ಜನ ಜೀವನದಲ್ಲಿ ಮೊದಲ ಸಲ ಆ ನೋಟ ಕಂಡರು. ತುಂಬಿದ ಜಲಾಶಯದಲ್ಲಿ 30 ಟಿಎಂಸಿ ಅಡಿ ನೀರು, ಅಂದರೆ 85,000 ಕೋಟಿ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಿಗೆ ತುಂಬಿಸಿದರೆ ಎಂಟೂವರೆ ಕೋಟಿ ಟ್ಯಾಂಕರು. ಎಂಟು ಮೀಟರ್ ಉದ್ದದ ಆ ಟ್ಯಾಂಕರುಗಳನ್ನು ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೆ ಸಾಲು ಭೂಮಿಯನ್ನು 17 ಸುತ್ತು ಸುತ್ತುತ್ತದೆ!

ಈಗ ಇಷ್ಟೂ ನೀರನ್ನು ಹನಿ ಹನಿಯಾಗಿ ಎಣಿಸಿ. ಒಂದು ಮಿಲಿಲೀಟರಿಗೆ 20 ಹನಿ. ಒಟ್ಟು 17ರ ಮುಂದೆ 15 ಸೊನ್ನೆ. ಇದೂ ನಲ್ಲಿಯ ತುದಿಯ ಹನಿಗೆ ಸಾಟಿಯಲ್ಲ. ಒಂದು ಹನಿಯಲ್ಲಿರುವಷ್ಟು ಅಣುಗಳ ಸಂಖ್ಯೆಗೆ ಹನಿಗಳನ್ನು ಹೊಂದಿಸಬೇಕಾದರೆ ಒಂದು ಮಾರಿಕಣಿವೆ ಸಾಲದು, ನೂರು ಸಾಲದು, ಸಾವಿರ ಸಾಲದು. ತುಂಬಿ ಕೋಡಿ ಬಿದ್ದ ಮಾರಿಕಣಿವೆಗಳು ಹೆಚ್ಚುಕಡಿಮೆ ಒಂದು ಲಕ್ಷ ಬೇಕು!

ಈ ಲೆಕ್ಕ ಮಾಡಿದ ಮೇಲೆ ಒಂದು ಲೋಟ ನೀರನ್ನು ಹಗುರವಾಗಿ ಎತ್ತಲು ನನ್ನಿಂದ ಆಗುವುದಿಲ್ಲ. 200 ಮಿಲಿಲೀಟರ್ ನೀರಿನ ಪ್ರತಿ ಅಣುವಿಗೂ ಬಣ್ಣ ಹಚ್ಚಲು ಸಾಧ್ಯವಾಯಿತು ಎನ್ನಿ. ಅದನ್ನು ತುಂಬಿದ ಜಲಾಶಯಕ್ಕೆ ಸುರಿದು, ಹೊಸದುರ್ಗದ ಕಡೆಯ ಹಿನ್ನೀರಿನವರೆಗೂ ಚೆನ್ನಾಗಿ ಕಲಕಿ, ಎಲ್ಲಿಂದಾದರೂ ಒಂದು ಲೋಟ ಮೊಗೆಯಿರಿ. ಅದರಲ್ಲಿ ಒಂದೂವರೆ ಲಕ್ಷ ಕೋಟಿ ಬಣ್ಣದ ಅಣುಗಳು ಸಿಗುತ್ತವೆ. ಜಲಾಶಯ ಬಿಡಿ, ಜಗತ್ತಿನ ಎಲ್ಲ ಸಮುದ್ರಗಳಿಗೆ ಬೆರೆಸಿ ಕಲಕಿದರೂ, ಯಾವ ತೀರದಲ್ಲಿ ಮೊಗೆದರೂ, ಲೋಟಕ್ಕೆ ಸುಮಾರು ಒಂದು ಸಾವಿರ ಬಂದೇ ಬರುತ್ತವೆ!

ಇಷ್ಟು ಒತ್ತಾಗಿ ತುಂಬಿದ ಹನಿ ಹೆಚ್ಚುಕಡಿಮೆ ಖಾಲಿ ಎಂದರೆ ನಂಬುತ್ತೀರಾ? ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್ಸನ್ನು ಒಂದು ಸೆಂಟಿಮೀಟರ್ ಅಗಲದ ಶೇಂಗಾ ಬೀಜದಷ್ಟು ಹಿಗ್ಗಿಸಿದರೆ ಪರಮಾಣುವಿನ ಅಡ್ಡಳತೆ 600 ಮೀಟರ್ ದಾಟುತ್ತದೆ. ಮಾರಿಕಣಿವೆಯ ಅಣೆಕಟ್ಟೆಯ ಉದ್ದವೇ ಸುಮಾರು 400 ಮೀಟರ್. ಅಷ್ಟು ವಿಸ್ತಾರದ ನಡುವೆ ಒಂದೇ ಒಂದು ಶೇಂಗಾ ಬೀಜ!

ವಯಸ್ಸಿನ ಮಾತಿಗೆ ಬಂದರೆ ಏಳು ಸುತ್ತಿನ ಕೋಟೆಗೆ ಹೋಗಬೇಕು. ಮದ್ದು ಅರೆಯುವ ಕಲ್ಲುಗಳನ್ನು ನೋಡಿ ‘ಎಷ್ಟು ಹಳೆಯದು’ ಎನ್ನುವವರು ಕಾಲ ಕೆಳಗಿನ ಬಂಡೆಯನ್ನು ಮರೆತಿರುತ್ತಾರೆ. ದುರ್ಗದ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ. ಇಷ್ಟನ್ನೂ ಒಂದೇ ಒಂದು ವರ್ಷಕ್ಕೆ ಕುಗ್ಗಿಸಿ, ಬಂಡೆ ಹುಟ್ಟಿದ್ದು ಜನವರಿ 1ರಂದು ಎನ್ನೋಣ. ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿದ್ದು ಜನವರಿಯ ಕೊನೆಗೆ. ಡೈನೋಸಾರುಗಳು ಅಳಿದದ್ದು ಡಿಸೆಂಬರ್ 22. ಮನುಷ್ಯ ಕಾಣಿಸಿಕೊಂಡದ್ದು ಡಿಸೆಂಬರ್ 31ರ ರಾತ್ರಿ 11 ಗಂಟೆಗೆ. ಅಶೋಕನ ಶಾಸನಕ್ಕೆ 28 ಸೆಕೆಂಡು. 1568ರಿಂದ 1779ರವರೆಗೆ ದುರ್ಗವನ್ನಾಳಿದ ನಾಯಕರ ಇಡೀ ವಂಶ, ಅವರು ಕಟ್ಟಿದ ಬತೇರಿ ಬಾಗಿಲು, ಹೊಂಡ ಬುರುಜುಗಳ ಸಮೇತ, ಎರಡೂವರೆ ಸೆಕೆಂಡು. ಎಂಬತ್ತು ದಾಟಿದ ಅಜ್ಜಿಯ ಪೂರ್ತಿ ಬದುಕು ಒಂದು ಸೆಕೆಂಡು!

ಆದರೆ ಕೋಟೆಯೊಳಗೆ ಬಂಡೆಗಿಂತಲೂ ಹಳೆಯದೊಂದಿದೆ: ಅಕ್ಕ ತಂಗಿ ಹೊಂಡದ ನೀರು. ನೀರಿನಲ್ಲಿರುವ ಹೈಡ್ರೋಜನ್ ವಿಶ್ವದ ಆರಂಭದಲ್ಲೇ ಹುಟ್ಟಿದ್ದು, ವಯಸ್ಸು ಸುಮಾರು 1,380 ಕೋಟಿ ವರ್ಷ. ಬಂಡೆಯ ಐದು ಪಟ್ಟು!

ಕೊನೆಗೆ ಉಳಿದದ್ದು ಶಕ್ತಿ. ಹೊಳಲ್ಕೆರೆಯ ಅಡಿಕೆ ತೋಟಗಳ ಮೇಲೆ ಹೊಡೆಯುವ ಸಿಡಿಲಿನ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ! ಆದರೂ ಸಿಡಿಲು ಈ ಮುಂದಿನ ಲೆಕ್ಕದ ಹತ್ತಿರ ಸುಳಿಯುವುದಿಲ್ಲ. ತುಂಬಿದ ವಾಣಿವಿಲಾಸ ಸಾಗರವನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಬೇಕಾದರೆ 99 ಕೋಟಿ ಯೂನಿಟ್ ವಿದ್ಯುತ್ ಬೇಕು. ತಿಂಗಳಿಗೆ 100 ಯೂನಿಟ್ ಉರಿಸುವ ಒಂದು ಕೋಟಿ ಮನೆಗಳ ಇಡೀ ತಿಂಗಳ ಬಿಲ್ಲು! ಮಾರಿಕಣಿವೆಯಲ್ಲಿ ಇನ್ನೂ ಕಲ್ಲಿನ ಮೇಲೆ ಕಲ್ಲು ಏರುತ್ತಿದ್ದ 1905ರಲ್ಲಿ ಐನ್‌ಸ್ಟೈನ್ ದ್ರವ್ಯವೂ ಶಕ್ತಿಯೂ ಬೇರೆಯಲ್ಲ ಎಂದು ತೋರಿಸಿಕೊಟ್ಟರು. ಅವರ ಸೂತ್ರದ ಪ್ರಕಾರ ಆ 99 ಕೋಟಿ ಯೂನಿಟ್ 40 ಗ್ರಾಂ ದ್ರವ್ಯಕ್ಕೆ ಸಮ. ಒಂದು ಹಿಡಿ ಶೇಂಗಾ! ಮೂರು ಕೆ.ಜಿ. ಶೇಂಗಾವನ್ನು ಚೂರೂ ಉಳಿಯದಂತೆ ಶಕ್ತಿಯಾಗಿಸಲು ಬಂದರೆ ಇಡೀ ಜಲಾಶಯ ಕುದಿಯುವ ಹಂತಕ್ಕೆ ಬರುತ್ತದೆ.

ಸೂರ್ಯ ಈ ಕೆಲಸವನ್ನು ಕೆ.ಜಿ. ಲೆಕ್ಕದಲ್ಲಿ ಮಾಡುವುದಿಲ್ಲ. ಅದು ಪ್ರತಿ ಸೆಕೆಂಡಿಗೆ 42 ಲಕ್ಷ ಟನ್ನಿಗೂ ಹೆಚ್ಚು ದ್ರವ್ಯವನ್ನು ಶಕ್ತಿಯಾಗಿಸುತ್ತದೆ. ಅದರ ಒಂದು ಸೆಕೆಂಡಿನ ಶಕ್ತಿ 140 ಕೋಟಿ ವಾಣಿವಿಲಾಸ ಸಾಗರಗಳನ್ನು ಕುದಿಯುವ ಹಂತಕ್ಕೆ ತರಬಲ್ಲದು. ಭಾರತದ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ತಲೆಗೊಂದು ಮಾರಿಕಣಿವೆ! ಮರು ಸೆಕೆಂಡಿಗೆ ಮತ್ತೆ ತಲೆಗೊಂದು, ಅದರ ಮರು ಸೆಕೆಂಡಿಗೆ ಇನ್ನೊಂದು. ಈ ಕೆಲಸ ಶುರುವಾಗಿ 460 ಕೋಟಿ ವರ್ಷವಾಯಿತು. ಇನ್ನೂ ಸುಮಾರು 500 ಕೋಟಿ ವರ್ಷಕ್ಕಾಗುವಷ್ಟು ಇಂಧನ ಉಳಿದಿದೆ!